ದಾಸ್ಯವಿಮೋಚನೆಯ ಸೂಟಿಯೂ ನಮ್ಮ ನಾಡೂ

ಪ್ರತಿ ವರ್ಷ ಸೂಟಿಗಳ ಯಾದಿಯನ್ನು ಫಲಕಕ್ಕೆ ಹಚ್ಚಿದೊಡನೆ ವಿದ್ಯಾರ್ಥಿನಿಯರು ಅದರ ಸುತ್ತಲೂ ನೆರೆಯುವದು ಎಲ್ಲ ಶಾಲೆಗಳಲ್ಲಿಯೂ ಉಂಟು. ದೀಪಾವಳಿಗೆ ಎಷ್ಟು ದಿವಸ, ಕ್ರಿಸ್ಮಸ್ಸಿಗೆ ಎಷ್ಟು ದಿವಸ, ಯಾವ ಹಬ್ಬವು ರವಿವಾರದಲ್ಲಿಯೇ ಬಂದು ಒಂದು ಸೂಟಿ ನಷ್ಟವಾಯಿತು ಎಂದು ಎಣಿಸುವವರು ಬಹಳ. ಈ ಸೂಟಿ ಯಾತರ ಸಲುವಾಗಿ ಬಂದಿದೆ ಎಂದು ವಿಚಾರಿಸುವವರು ಸ್ವಲ್ಪ. ಸಾರ್ವಜನಿಕ ಸೂಟಿ ಎಂಬದು ಒಂದು ಜನಾಂಗವು ತಾನು ಮರೆಯಬಾರದೆಂದು ನಿಶ್ಚಯಿಸಿದ ಸಂಗತಿಯ ಗುರುತಾಗಿದೆ. ಹಿಂದೂ ಮಹಾಸಾಗರದ ಮಾರಿಶಸ್ ಎಂಬ ದ್ವೀಪದಲ್ಲಿ ಫೆಬ್ರುವರಿ 1ನೆಯ ತಾರೀಖು ಇಂಥ ಸೂಟಿಯ ದಿನ. ಅಂದು ಅಲ್ಲಿಯ ಜನರು ಗುಲಾಮಗಿರಿಯು ಕೊನೆಗಂಡದ್ದನ್ನು ಸ್ಮರಿಸುತ್ತಾರೆ. ಆ ಸೂಟಿಯ ಅರ್ಥವೇನು, ಅದಕ್ಕೆ ಕಾರಣವಾದ ಕಾಯದೆಯು ನಮ್ಮ ದೇಶವನ್ನು ಮಾತ್ರ ಏಕೆ ಬಿಟ್ಟಿತು, ನಮ್ಮ ಧಾರವಾಡ ಸೀಮೆಯ ಮಗ್ಗುಲಲ್ಲಿಯೇ ಇರುವ ಜನರಿಗೂ ಈ ಸಂಗತಿಗೂ ಏನು ಸಂಬಂಧ ಎಂಬದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ಗುಲಾಮಗಿರಿ ಎಂದರೇನೆಂಬದನ್ನು ತಿಳಿಯಬೇಕು. ಒಬ್ಬ ಮನುಷ್ಯನು ಇನ್ನೊಬ್ಬನ ಸೊತ್ತಾಗಿರುವದೇ ಗುಲಾಮಗಿರಿ. ಬಡತನವೂ ಕಷ್ಟದ ದುಡಿತವೂ ತಾವಾಗಿಯೇ ಗುಲಾಮಗಿರಿಯಲ್ಲ. ಕೂಲಿಕಾರಳು ಸಂಜೆಗೆ ತನ್ನ ಮನೆಗೆ ಹೋಗುವಳು; ಇಲ್ಲಿ ಸರಿಬೀಳದಿದ್ದರೆ ನಾಳೆ ಬೇರೆಯವರ ಹೊಲಕ್ಕೆ ಹೋಗುವಳು. ಗುಲಾಮಳು ಹಾಗೆ ಹೋಗಲಾರಳು. ಅವಳ ದುಡಿತವೂ, ಅವಳು ಹೆತ್ತ ಮಕ್ಕಳೂ ಒಡೆಯನವು. ಎತ್ತನ್ನು ಮಾರುವಂತೆ ಅವಳನ್ನು ಮಾರಬಹುದು. ಹೊಲವನ್ನು ಅಡವಿಡುವಂತೆ ಅವಳನ್ನು ಅಡವಿಡಬಹುದು. ಆದದರಿಂದ ಯಾರು ಸ್ವತಂತ್ರರು, ಯಾರು ಅಲ್ಲ ಎಂದು ಅರಿಯಲಿಕ್ಕೆ ಒಂದೇ ಪ್ರಶ್ನೆ ಸಾಕು: ಈ ಮನುಷ್ಯನು ಬಿಟ್ಟು ಹೋಗುತ್ತೇನೆಂದರೆ ಹೋಗಬಲ್ಲನೋ? ಈ ಪ್ರಶ್ನೆಯನ್ನು ವಾಚಕರು ಕೊನೆಯ ವರೆಗೂ ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ.

ಮಾರಿಶಸ್ ದ್ವೀಪವು ಮದಗಾಸ್ಕರದ ಪೂರ್ವಕ್ಕಿದ್ದು, ನಮ್ಮ ಧಾರವಾಡ ಜಿಲ್ಲೆಯ ಅರ್ಧಕ್ಕಿಂತಲೂ ಚಿಕ್ಕದು. 1598ರಲ್ಲಿ ಅಲ್ಲಿಗೆ ಬಂದ ಡಚ್ಚರು ಅದಕ್ಕೆ ಈ ಹೆಸರನ್ನಿಟ್ಟರು. 1638ರಿಂದ ಅಲ್ಲಿ ವಸತಿ ಮಾಡಿ, ಕಬ್ಬನ್ನೂ ಗುಲಾಮರನ್ನೂ ತಂದು, 1710ರಲ್ಲಿ ದ್ವೀಪವನ್ನು ಬಿಟ್ಟುಹೋದರು. 1715ರಲ್ಲಿ ಫ್ರೆಂಚರು ಅದನ್ನು ತಮ್ಮದೆಂದು ಸಾರಿದರು. 1810ರಲ್ಲಿ ಇಂಗ್ಲಿಷರು ಅದನ್ನು ಗೆದ್ದುಕೊಂಡರು. ಒಡೆಯರು ಬದಲಾದರೂ ತೋಟಗಳಲ್ಲಿ ದುಡಿಯುವವರ ಸ್ಥಿತಿ ಬದಲಾಗಲಿಲ್ಲ. ಮದಗಾಸ್ಕರದಿಂದಲೂ ಮೊಜಾಂಬಿಕದ ಕರಾವಳಿಯಿಂದಲೂ ಸ್ತ್ರೀಪುರುಷರನ್ನು ಹಡಗುಗಳಲ್ಲಿ ತುಂಬಿ ತಂದು ಮಾರಿದರು. ಫ್ರೆಂಚರ ಕಾಲದಲ್ಲಿ ನಮ್ಮ ದೇಶದಿಂದಲೂ ಜನರು ಗುಲಾಮರಾಗಿ ಅಲ್ಲಿಗೆ ಒಯ್ಯಲ್ಪಟ್ಟರೆಂಬದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು.

ಇಂಗ್ಲಂಡದ ಪಾರ್ಲಿಮೆಂಟು 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಆದರೆ ಆಗಲೇ ಗುಲಾಮರಾಗಿದ್ದವರು ಹಾಗೆಯೇ ಉಳಿದರು. ಗುಲಾಮಗಿರಿಯನ್ನೇ ತೆಗೆದುಹಾಕುವ ಕಾಯದೆಯು 1833ರ ಅಗಸ್ಟ್ 28ರಂದು ಆಗಿ, 1834ರ ಅಗಸ್ಟ್ 1ರಿಂದ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಜಾರಿಗೆ ಬಂದಿತು. ಮಾರಿಶಸ್ಸಿಗೆ ಮಾತ್ರ 1835ರ ಫೆಬ್ರುವರಿ 1 ಎಂದು ಬೇರೆ ತಾರೀಖನ್ನು ಗೊತ್ತುಮಾಡಿದ್ದರು. ಆದದರಿಂದಲೇ ಒಂದೇ ಕಾಯದೆಯನ್ನು ಸ್ಮರಿಸುವ ಸೂಟಿಯು ಟ್ರಿನಿಡಾಡದಲ್ಲಿ ಅಗಸ್ಟ್ 1ಕ್ಕೂ ಮಾರಿಶಸ್ಸಿನಲ್ಲಿ ಫೆಬ್ರುವರಿ 1ಕ್ಕೂ ಬರುತ್ತದೆ. ಟ್ರಿನಿಡಾಡದವರು ಈ ದಿನವನ್ನು 1985ರಿಂದ ಸಾರ್ವಜನಿಕ ಸೂಟಿಯಾಗಿ ಆಚರಿಸುತ್ತ ಬಂದಿದ್ದಾರೆ.

ಈ ಕಾಯದೆಯಲ್ಲಿ ಎರಡು ದೋಷಗಳಿದ್ದವು. ಒಂದನೆಯದು, ಬಿಡುಗಡೆಯಾದವರು ಅದೇ ದಿವಸ ಒಡೆಯನನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಅವರನ್ನು ಕೆಲಸ ಕಲಿಯುವ ಉಮೇದುವಾರರೆಂದು ಕರೆದು, ಇನ್ನೂ ಕೆಲವು ವರ್ಷ ಅದೇ ಒಡೆಯನಿಗೆ ದುಡಿಯಬೇಕೆಂದು ವಿಧಿಸಿದರು. ಹುಟ್ಟಿದಂದಿನಿಂದ ಕಬ್ಬು ಕಡಿದವನಿಗೆ ಕಬ್ಬು ಕಡಿಯುವ ಕೆಲಸವನ್ನು ಕಲಿಸುವದೇನಿತ್ತು? ಈ ಪದ್ಧತಿಯು ವೆಸ್ಟ್ ಇಂಡೀಸದಲ್ಲಿ 1838ರಲ್ಲಿಯೂ ಮಾರಿಶಸ್ಸಿನಲ್ಲಿ 1839ರಲ್ಲಿಯೂ ನಿಂತಿತು. ಎರಡನೆಯದು, ಗುಲಾಮರನ್ನು ಕಳೆದುಕೊಂಡ ಒಡೆಯರಿಗೆ ಪರಿಹಾರವೆಂದು 2 ಕೋಟಿ ಪೌಂಡುಗಳನ್ನು ಗೊತ್ತುಮಾಡಲಾಯಿತು. ಇದರ ಸಲುವಾಗಿ ಬ್ರಿಟಿಶ್ ಸರಕಾರವು ತೆಗೆದ ಸಾಲದ ಕೊನೆಯ ಶೇಷವು ತೀರಿದ್ದು 2015ರಲ್ಲಿ. ತಲೆತಲಾಂತರದಿಂದ ಕೂಲಿಯಿಲ್ಲದೆ ದುಡಿದವರಿಗೆ ಒಂದು ಪೌಂಡೂ ದೊರೆಯಲಿಲ್ಲ.

ಈ ದ್ವೀಪದ ನೈಋತ್ಯದ ತುದಿಯಲ್ಲಿ ಲ ಮೋರ್ನ್ ಎಂಬ ಕಡಿದಾದ ಬೆಟ್ಟವಿದೆ. ಓಡಿಹೋದ ಗುಲಾಮರು ಅದರ ಗವಿಗಳಲ್ಲಿ ಅಡಗಿಕೊಂಡಿದ್ದರು. ಬಿಡುಗಡೆಯ ವಾರ್ತೆಯನ್ನು ತಿಳಿಸಲು ಸಿಪಾಯಿಗಳು ಬೆಟ್ಟವನ್ನು ಏರುತ್ತಿರಲು, ತಮ್ಮನ್ನು ಹಿಡಿಯಲಿಕ್ಕೇ ಬಂದರೆಂದು ತಿಳಿದು ಅವರು ಮೇಲಿನಿಂದ ಧುಮುಕಿ ಪ್ರಾಣ ಬಿಟ್ಟರೆಂದು ಅಲ್ಲಿಯ ಜನಶ್ರುತಿ. ನಡೆದದ್ದು ಹಾಗೆಯೇ ಹೌದೋ ಅಲ್ಲವೋ, ಆ ಜನರು ತಮ್ಮ ಮಕ್ಕಳಿಗೆ ಹೇಳುತ್ತ ಬಂದ ಕಥೆ ಅದು. ಕಾಯದೆಯು ಆದರೆ ಸಾಲದು, ಅದು ಯಾರ ಸಲುವಾಗಿ ಆಯಿತೋ ಅವರ ಕಿವಿಗೆ ಮುಟ್ಟಬೇಕು, ಅವರು ಅದನ್ನು ನಂಬುವಂತಿರಬೇಕು ಎಂಬ ಅರ್ಥವು ಅದರಲ್ಲಿದೆ. 2008ರಲ್ಲಿ ಆ ಬೆಟ್ಟವು ವಿಶ್ವಪರಂಪರೆಯ ಸ್ಥಳಗಳ ಯಾದಿಯಲ್ಲಿ ಸೇರಿತು.

ಗುಲಾಮರು ಹೋದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳೆಲ್ಲಿಂದ ಬರಬೇಕು? ತೋಟದ ಒಡೆಯರು ನಮ್ಮ ದೇಶದ ಕಡೆಗೆ ನೋಡಿದರು. ಬಿಡುಗಡೆಗೆ ಇನ್ನೂ ಮೂರು ತಿಂಗಳಿರುವಾಗಲೇ, 1834ರ ನವೆಂಬರ್ 2ರಂದು, ಕಲಕತ್ತೆಯಿಂದ ಹೊರಟ ಅಟ್ಲಾಸ್ ಎಂಬ ಹಡಗು 36 ಜನ ಕರಾರು ಕೂಲಿಗಳನ್ನು ಮಾರಿಶಸ್ಸಿನಲ್ಲಿ ಇಳಿಸಿತು. ಐದು ವರ್ಷದ ಕರಾರು, ಗಂಡಾಳಿಗೆ ತಿಂಗಳಿಗೆ ಐದು ರೂಪಾಯಿ ಸಂಬಳ. ಒಂದು ದಿವಸ ಕೆಲಸ ತಪ್ಪಿದರೆ ಎರಡು ದಿವಸದ ಕೂಲಿಯನ್ನು ಮುರಿದುಕೊಳ್ಳುವ ಪದ್ಧತಿಯೂ ಅಲ್ಲಿ ಬಳಕೆಗೆ ಬಂದಿತು. ಕರಾರು ಮುಗಿಯುವ ವರೆಗೆ ಬಿಟ್ಟು ಹೋಗುವ ಹಾಗಿರಲಿಲ್ಲ. ಈ ರೀತಿಯಾಗಿ ಸುಮಾರು ನಾಲ್ಕೂವರೆ ಲಕ್ಷ ಭಾರತೀಯರು ಆ ದ್ವೀಪಕ್ಕೆ ಹೋದರು. ನಮ್ಮ ಜನನಾಯಕರ ಹೋರಾಟದ ಫಲವಾಗಿ 1917ರಲ್ಲಿ ಈ ಬಗೆಯ ಸಾಗಾಣಿಕೆಯು ನಿಲ್ಲಿಸಲ್ಪಟ್ಟಿತು. ಅವರ ಸ್ಮರಣೆಗಾಗಿ ನವೆಂಬರ್ 2 ಸಹ ಮಾರಿಶಸ್ಸಿನಲ್ಲಿ ಸಾರ್ವಜನಿಕ ಸೂಟಿಯೇ.

ಇನ್ನು ನಮ್ಮ ದೇಶದ ಮಾತಿಗೆ ಬರುವಾ. 1833ರ ಆ ಕಾಯದೆಯ 64ನೆಯ ಕಲಮಿನಲ್ಲಿ, ಇದು ಈಸ್ಟ್ ಇಂಡಿಯಾ ಕಂಪನಿಯ ಸ್ವಾಧೀನದಲ್ಲಿರುವ ಸೀಮೆಗಳಿಗೂ ಸಿಂಹಳಕ್ಕೂ ಸೇಂಟ್ ಹೆಲಿನಾ ದ್ವೀಪಕ್ಕೂ ಹತ್ತುವದಿಲ್ಲವೆಂದು ಬರೆದಿತ್ತು. ಭಾರತದಲ್ಲಿಯ ದಾಸ್ಯವು ಅಲ್ಲಿಯ ಜನರ ಮನೆತನ, ಕುಲಾಚಾರಗಳೊಡನೆ ಹೆಣೆದುಕೊಂಡಿದೆ, ಅವಸರದಿಂದ ಕೈಹಾಕಿದರೆ ಅಶಾಂತಿಯುಂಟಾದೀತು ಎಂಬದು ಆಳುವವರ ವಾದ. ದಾಸ್ಯವು ಇಲ್ಲಿ ಇತ್ತೆಂಬದರಲ್ಲಿ ಸಂದೇಹವಿಲ್ಲ. 1801ರಲ್ಲಿ ನಮ್ಮ ಕನ್ನಡ ಜಿಲ್ಲೆಗಳನ್ನು ಸುತ್ತಿ ನೋಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಅಲ್ಲಿ ಒಕ್ಕಲುತನದ ಕೆಲಸವನ್ನು ಕೊಂಡ ಆಳುಗಳಿಂದ ಮಾಡಿಸುವ ರೂಢಿಯನ್ನು ಕಂಡು ಬರೆದಿಟ್ಟಿದ್ದಾನೆ.

ಅದೇ 1833ರಲ್ಲಿ ಕಂಪನಿಗೆ ಕೊಟ್ಟ ಹೊಸ ಸನದಿನಿಂದ ನಮ್ಮ ಸೀಮೆಗೆ ಸಂಬಂಧಪಟ್ಟ ಎರಡು ಸಂಗತಿಗಳು ಉಂಟಾದವು. ಇಂಗ್ಲಿಷರಲ್ಲದ ಮಿಶನ್ನುಗಳಿಗೂ ಈ ದೇಶದ ಬಾಗಿಲು ತೆರೆಯಿತು. ಆದದರಿಂದ 1834ರ ಅಕ್ಟೋಬರದಲ್ಲಿ ಬಾಸೆಲ್ ಮಿಶನ್ನಿನ ಮೊದಲನೆಯ ಬೋಧಕರು ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದರು. ಅದೇ ಸನದಿನ ಇನ್ನೊಂದು ಕಲಮು, ಈ ದೇಶದ ಗುಲಾಮರ ಸ್ಥಿತಿಯನ್ನು ಸುಧಾರಿಸುವ ಉಪಾಯಗಳನ್ನು ಆಲೋಚಿಸಬೇಕೆಂದು ಗವರ್ನರ್ ಜನರಲ್ಲರಿಗೆ ಆಜ್ಞಾಪಿಸಿತು. ಅಂದರೆ ಹುಬ್ಬಳ್ಳಿ ಧಾರವಾಡಗಳಲ್ಲಿ ಮಿಶನ್ನಿನ ಕೆಲಸವು ಆರಂಭವಾದಾಗ, ಮನುಷ್ಯನು ಮನುಷ್ಯನ ಸೊತ್ತೆಂಬ ಮಾತನ್ನು ಕೋರ್ಟುಗಳು ಇನ್ನೂ ಮನ್ನಿಸುತ್ತಿದ್ದವು.

ಆ ಆಲೋಚನೆಗೆ ಹತ್ತು ವರ್ಷ ಹಿಡಿಯಿತು. 1843ರ ಏಪ್ರಿಲ್ 7ರಂದು ಆ ವರ್ಷದ ಐದನೆಯ ಕಾಯದೆಯು ಹೊರಟಿತು. ಅದರಲ್ಲಿ ನಾಲ್ಕೇ ಕಲಮುಗಳು. ಅವುಗಳ ತಾತ್ಪರ್ಯವನ್ನು ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಅರಿತಿರಬೇಕು. 1. ಕೋರ್ಟಿನ ತೀರ್ಪಿನ ಹಣಕ್ಕಾಗಲಿ ಕಂದಾಯದ ಬಾಕಿಗಾಗಲಿ, ಗುಲಾಮನೆಂಬ ನೆವದಿಂದ ಯಾವ ಮನುಷ್ಯನನ್ನೂ ಅವನ ದುಡಿತವನ್ನೂ ಸರಕಾರಿ ಅಧಿಕಾರಿಗಳು ಮಾರಕೂಡದು. 2. ಇವನು ನನ್ನ ಗುಲಾಮನು ಎಂಬ ಹಕ್ಕನ್ನು ಯಾವ ಕೋರ್ಟೂ ನಡಿಸಿಕೊಡಕೂಡದು. 3. ಒಬ್ಬನು ತನ್ನ ದುಡಿತದಿಂದಾಗಲಿ ವಾರಸಾದಿಂದಾಗಲಿ ದಾನದಿಂದಾಗಲಿ ಪಡೆದ ಸೊತ್ತನ್ನು, ಅವನು ಗುಲಾಮನೆಂಬ ಕಾರಣದಿಂದ ಕಸಿದುಕೊಳ್ಳಕೂಡದು. 4. ಸ್ವತಂತ್ರ ಮನುಷ್ಯನಿಗೆ ಮಾಡಿದರೆ ಯಾವದು ಅಪರಾಧವೋ ಅದನ್ನು ಗುಲಾಮನೆನಿಸಿಕೊಂಡವನಿಗೆ ಮಾಡಿದರೂ ಅಪರಾಧವೇ.

ಈ ಕಾಯದೆಯು ಜಾಣತನದ್ದು. ಎಲ್ಲ ಗುಲಾಮರೂ ಸ್ವತಂತ್ರರು ಎಂದು ಅದು ಸಾರಲಿಲ್ಲ. ಒಡೆಯನ ಕೈಯೊಳಗಿನ ಹಗ್ಗವನ್ನು ಸರಕಾರವು ಇನ್ನು ಹಿಡಿಯುವದಿಲ್ಲ ಎಂದಷ್ಟೇ ಹೇಳಿತು. ಬಿಟ್ಟು ಹೋದವನನ್ನು ಕೋರ್ಟು ಹಿಡಿದುಕೊಡಲಿಲ್ಲ. ಆದರೆ ಬಿಟ್ಟು ಹೋಗಿ ಉಣ್ಣುವದೇನು, ಇರುವದೆಲ್ಲಿ ಎಂಬದಕ್ಕೆ ಅದು ಏನೂ ಹೇಳಲಿಲ್ಲ. ಒಡೆಯರಿಗೆ ಪರಿಹಾರವೂ ಇಲ್ಲ, ದಾಸರಿಗೆ ಭೂಮಿಯೂ ಇಲ್ಲ. ಒಂದು ದಿನವನ್ನು ಗೊತ್ತುಮಾಡಿ ಸೂಟಿಯಾಗಿ ಆಚರಿಸುವಂಥ ಬಿಡುಗಡೆ ಅದಾಗಿರಲಿಲ್ಲ. ಮುಂದೆ 1862ರ ಜನವರಿ 1ರಿಂದ ಜಾರಿಗೆ ಬಂದ ದಂಡಸಂಹಿತೆಯು, ಮನುಷ್ಯನನ್ನು ಗುಲಾಮನೆಂದು ಕೊಳ್ಳುವದನ್ನೂ ಮಾರುವದನ್ನೂ ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು.

ಕಾಯದೆಗಳ ಮಾತನ್ನು ಇಲ್ಲಿಗೆ ನಿಲ್ಲಿಸಿ, ನಮ್ಮ ನೆರೆಹೊರೆಯವರ ಕಡೆಗೆ ತಿರುಗುವಾ. ಧಾರವಾಡದಿಂದ ಪಶ್ಚಿಮಕ್ಕೆ ಹಳಿಯಾಳದ ದಾರಿ ಹಿಡಿದರೆ ಒಂದು ತಾಸಿನಲ್ಲಿ ಅಡವಿಯ ಸೆರಗು ಕಾಣುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲೆ ತಾಲೂಕುಗಳಲ್ಲಿಯೂ, ನಮ್ಮ ಜಿಲ್ಲೆಯ ಕಲಘಟಗಿ ಹಾಗೂ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಗೂ ಸಿದ್ದಿಗಳೆಂಬ ಜನರು ವಾಸಿಸುತ್ತಾರೆ. ಇವರ ಹಿರಿಯರು ಆಫ್ರಿಕಾ ಖಂಡದವರು. ಆಫ್ರಿಕಾದಿಂದ ನಮ್ಮ ದೇಶಕ್ಕೆ ಬಂದವರೆಲ್ಲರ ಗತಿಯೂ ಒಂದೇ ಆಗಿರಲಿಲ್ಲ. ಗುಲಾಮನಾಗಿ ಮಾರಲ್ಪಟ್ಟ ಮಲಿಕ್ ಅಂಬರನು ಅಹಮದನಗರದ ರಾಜ್ಯವನ್ನೇ ನಡಿಸಿ 1626ರಲ್ಲಿ ತೀರಿಕೊಂಡನು. ವಿಜಾಪುರದ ಆದಿಲಶಾಹಿ ದರಬಾರದಲ್ಲಿಯೂ ಹಬಶಿ ಸರದಾರರು ಪ್ರಬಲರಾಗಿದ್ದರು. ಆದರೆ ನಮ್ಮ ಅಡವಿಯ ಸಿದ್ದಿಗಳಲ್ಲಿ ಅನೇಕರ ಪೂರ್ವಜರು, ಪೋರ್ತುಗೀಜರ ಹಡಗುಗಳಲ್ಲಿ ಮೊಜಾಂಬಿಕದ ಕಡೆಯಿಂದ ಗೋವೆಗೆ ತರಲ್ಪಟ್ಟು, ಅಲ್ಲಿಯ ದೊಡ್ಡ ಮನೆಗಳಲ್ಲಿ ದುಡಿದು, ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟವನ್ನೇರಿ ಬಂದವರು. ಮಾರಿಶಸ್ಸಿಗೆ ಗುಲಾಮರನ್ನು ಒದಗಿಸಿದ ಕರಾವಳಿಯೂ ಇದುವೇ. ಆ ದ್ವೀಪದಲ್ಲಿ ಓಡಿಹೋದವರಿಗೆ ಲ ಮೋರ್ನ್ ಬೆಟ್ಟವು ಹೇಗೋ, ಇಲ್ಲಿಯವರಿಗೆ ಸಹ್ಯಾದ್ರಿಯ ಅಡವಿಯು ಹಾಗೆ.

ಇಲ್ಲಿ ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ಗೋವೆಯಲ್ಲಿ ಗುಲಾಮರನ್ನು ಇಟ್ಟುಕೊಂಡವರಲ್ಲಿ ಕ್ರೈಸ್ತ ಮಠಗಳೂ ಇದ್ದವು; ಬಾರ್ಬಡೋಸ್ ದ್ವೀಪದಲ್ಲಿ ಸುವಾರ್ತೆಯನ್ನು ಸಾರುವ ಒಂದು ಇಂಗ್ಲಿಷ್ ಸಂಘವೇ ಗುಲಾಮರು ದುಡಿಯುವ ಕಬ್ಬಿನ ತೋಟಕ್ಕೆ ಒಡೆಯನಾಗಿತ್ತು. ಗುಲಾಮಗಿರಿಯ ವಿರುದ್ಧ ಬಾಳೆಲ್ಲ ಹೆಣಗಿದ ವಿಲ್ಬರ್‌ಫೋರ್ಸ್ ಮೊದಲಾದವರೂ ಕ್ರೈಸ್ತರೇ. ಎರಡನೆಯವರ ಹೆಸರನ್ನು ಮಾತ್ರ ಮಕ್ಕಳಿಗೆ ಕಲಿಸಿ ಮೊದಲನೆಯವರನ್ನು ಮುಚ್ಚಿಟ್ಟರೆ ಅದು ಇತಿಹಾಸವಾಗದು. ಪೋರ್ತುಗೀಜ ಸರಕಾರವು 1836ರಲ್ಲಿ ಗುಲಾಮರ ಸಾಗಾಟವನ್ನು ನಿಷೇಧಿಸಿ, 1869ರಲ್ಲಿ ಗುಲಾಮಗಿರಿಯನ್ನು ತೆಗೆದುಹಾಕಿತು. ಆದರೆ ಅಲ್ಲಿಯೂ ಬಿಡುಗಡೆಯಾದವರು ಕೆಲವು ವರ್ಷ ಹಳೆಯ ಒಡೆಯರಿಗೇ ದುಡಿಯಬೇಕೆಂದು ವಿಧಿಸಿದರು.

ಸಿದ್ದಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಮನೆಯಲ್ಲಿ ಕೊಂಕಣಿಯನ್ನು ಹೋಲುವ ಮಾತು, ಹೊರಗೆ ಕನ್ನಡ. ಅವರ ಹೆಂಗಸರು ಹಳೆಯ ಅರಿವೆಯ ತುಂಡುಗಳನ್ನು ಕೂಡಿಸಿ ಹೊಲಿಯುವ ಕೌದಿಗಳನ್ನು ನಮ್ಮ ಹೊಲಿಗೆಯ ವರ್ಗದ ಹುಡುಗಿಯರು ಅವಶ್ಯವಾಗಿ ನೋಡಬೇಕು. ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನ ವರೆಗೆ ಹೊಲಿಯುತ್ತ ಹೋಗಿ, ನಾಲ್ಕೂ ಮೂಲೆಗಳಲ್ಲಿ ಮಡಿಚಿದ ಅರಿವೆಯ ಹೂವುಗಳನ್ನು ಕೂಡ್ರಿಸುತ್ತಾರೆ. ಹೂವಿಲ್ಲದ ಕೌದಿಯು ಪೂರ್ತಿಯಾಯಿತೆಂದು ಎಣಿಸುವದಿಲ್ಲ. ಇಂಥ ಜನರು ಎಷ್ಟೋ ತಲೆಮಾರುಗಳಿಂದ ಈ ನಾಡಿನವರಾಗಿದ್ದರೂ, ಪೇಟೆಗೆ ಬಂದರೆ ಮೈಬಣ್ಣವನ್ನೂ ಕೂದಲನ್ನೂ ನೋಡಿ, ನೀವು ಯಾವ ದೇಶದವರು ಎಂದು ಅವರನ್ನು ಕೇಳುವವರಿದ್ದಾರೆ. ಕನ್ನಡದಲ್ಲಿಯೇ ಕೇಳಿ, ಕನ್ನಡದಲ್ಲಿಯೇ ಉತ್ತರವನ್ನು ಪಡೆದ ಮೇಲೂ ಆಶ್ಚರ್ಯಪಡುತ್ತಾರೆ! ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು 2003ರಲ್ಲಿಯೂ, ಧಾರವಾಡ ಬೆಳಗಾವಿ ಜಿಲ್ಲೆಗಳವರು 2020ರಲ್ಲಿಯೂ ಪರಿಶಿಷ್ಟ ಪಂಗಡಗಳ ಯಾದಿಯಲ್ಲಿ ಸೇರಿದರು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ನಮ್ಮ ರಾಜ್ಯದ ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿದರು. ಆ ಸಮಾಜದಿಂದ ನಮ್ಮ ಶಾಸನಸಭೆಯನ್ನು ಪ್ರವೇಶಿಸಿದವರಲ್ಲಿ ಅವರೇ ಮೊದಲಿಗರು.

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಸಿದ್ದಿಗಳಿಗೆ ಅಡವಿಯಲ್ಲಿ ಸ್ವಂತ ಭೂಮಿ ಇರಲಿಲ್ಲ. ಅಡಿಕೆಯ ತೋಟಗಳಲ್ಲಿ ದುಡಿಯುತ್ತ ಅವರಲ್ಲಿ ಅನೇಕರು ಜೀತಕ್ಕೆ ಬಿದ್ದರು. ಜೀತವು ಕನ್ನಡ ನಾಡಿನಲ್ಲಿ ಅನೇಕ ಬಡ ಜಾತಿಗಳವರ ಬಾಳನ್ನು ಹಿಂಡಿದ ಪದ್ಧತಿ. ತಂದೆಯು ಮದುವೆಗೋ ಬೇನೆಗೋ ಒಡೆಯನಿಂದ ಹಣ ತರುವನು. ತೀರುವ ವರೆಗೆ ದುಡಿಯಬೇಕು. ಬಡ್ಡಿಯು ಬೆಳೆಯುವದು, ಲೆಕ್ಕದ ವಹಿಯು ಒಡೆಯನ ಕೈಯಲ್ಲಿ, ಅದನ್ನು ಓದುವ ವಿದ್ಯೆಯು ಆಳಿಗಿಲ್ಲ. ತಂದೆ ಸತ್ತರೆ ಮಗನು ಆ ಹಗ್ಗಕ್ಕೆ ಕೊರಳು ಕೊಡುವನು. 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ, ತೀರದ ಸಾಲಕ್ಕಾಗಿ ಚೋಮನ ಮಕ್ಕಳು ಕಾಫಿಯ ತೋಟಕ್ಕೆ ಹೋಗುವದನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಯಾರೂ ಯಾರನ್ನೂ ಕೊಂಡಿಲ್ಲ. ಆದುದರಿಂದ 1843ರ ಕಾಯದೆಗೆ ಇದು ಸಿಕ್ಕಲಿಲ್ಲ. ಆದರೆ ನಾವು ಮೊದಲು ಹೇಳಿದ ಪ್ರಶ್ನೆಯನ್ನು ಕೇಳಿರಿ: ಈ ಮನುಷ್ಯನು ಬಿಟ್ಟು ಹೋಗಬಲ್ಲನೋ? ಹೋಗಲಾರನು.

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 23ನೆಯ ಅನುಚ್ಛೇದವು ಮನುಷ್ಯರ ವ್ಯಾಪಾರವನ್ನೂ ಬಿಟ್ಟಿ ದುಡಿತವನ್ನೂ ಬಲಾತ್ಕಾರದ ದುಡಿತವನ್ನೂ ನಿಷೇಧಿಸಿತು. ಆ ಮಾತನ್ನು ನಡಿಸುವ ಜೀತ ಪದ್ಧತಿಯ ನಿರ್ಮೂಲನ ಕಾಯದೆಗೆ 1976ರ ಫೆಬ್ರುವರಿ 9ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ಅದರಂತೆ ಜೀತದಾಳುಗಳೆಲ್ಲರೂ ಬಿಡುಗಡೆ ಹೊಂದಿದರು. ಜೀತದ ಸಾಲವೆಲ್ಲ ವಜಾ ಆಯಿತು. ಆ ಸಾಲಕ್ಕಾಗಿ ಹಿಡಿದಿಟ್ಟ ಸೊತ್ತನ್ನು ತಿರುಗಿ ಕೊಡಬೇಕಾಯಿತು. ಜೀತಕ್ಕಿಟ್ಟುಕೊಳ್ಳುವವನಿಗೆ ಮೂರು ವರ್ಷದ ವರೆಗೆ ಸೆರೆಮನೆ, ಎರಡು ಸಾವಿರ ರೂಪಾಯಿಗಳ ವರೆಗೆ ದಂಡ. 2016ರ ಪುನರ್ವಸತಿಯ ಯೋಜನೆಯು, ಬಿಡಿಸಲ್ಪಟ್ಟ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಅತ್ಯಂತ ಕ್ರೂರವಾದ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿಗಳನ್ನು ಗೊತ್ತುಮಾಡಿತು. 1833ರ ಕಾಯದೆಯು ಹಣವನ್ನು ಒಡೆಯನಿಗೆ ಕೊಟ್ಟಿತು. 1843ರದು ಯಾರಿಗೂ ಕೊಡಲಿಲ್ಲ. ದುಡಿದವನ ಸಾಲವನ್ನು ಅಳಿಸಿ, ಅವನ ಕೈಗೆ ಏನಾದರೂ ಕೊಡಬೇಕೆಂಬ ನ್ಯಾಯವು ಹೊಳೆಯಲಿಕ್ಕೆ ಮತ್ತೆ ನೂರ ಮೂವತ್ತು ವರ್ಷಗಳಿಗೂ ಮೇಲೆ ಬೇಕಾಯಿತು.

ಕಾಯದೆಯು ಆಯಿತು, ಇನ್ನು ನಮ್ಮ ಕೆಲಸವೇನು ಎಂದು ಯಾರೂ ಎನ್ನದಿರಲಿ. ನಮ್ಮ ಎರಡೂ ಪಟ್ಟಣಗಳ ಸ್ಥಿತಿವಂತರ ಮನೆಗಳಲ್ಲಿ ಮನೆಗೆಲಸಕ್ಕೆಂದು ಹಳ್ಳಿಯಿಂದ ಎಳೆಯ ಹುಡುಗಿಯರನ್ನು ಕರೆತರುವ ರೂಢಿಯು ಹಳೆಯದು. ತಂದೆಗೆ ಮುಂಗಡ ಹಣ, ಹುಡುಗಿಗೆ ಊಟ ಅರಿವೆ. ನಾವು ಅವಳನ್ನು ಮಗಳ ಹಾಗೆ ನೋಡಿಕೊಳ್ಳುತ್ತೇವೆಂಬ ಮಾತು ಬೇರೆ. ಮಗಳ ಹಾಗೆ ಎಂದಾದರೆ ಅವಳು ಮಗಳೊಡನೆ ಶಾಲೆಗೆ ಏಕೆ ಬರಲಿಲ್ಲ? ಊರಿಗೆ ಹೋಗುತ್ತೇನೆಂದು ಅವಳು ನಾಳೆ ಮುಂಜಾನೆ ಹೇಳಿದರೆ, ಮುಂಗಡದ ಮಾತನ್ನು ಎತ್ತದೆ ಅವಳನ್ನು ಕಳಿಸುವಿರಾ? ಮಕ್ಕಳ ದುಡಿತವನ್ನು ತಂದೆತಾಯಿಗಳು ಅಡವಿಡುವ ಕರಾರು ನಡೆಯದೆಂದು 1933ರಲ್ಲಿಯೇ ಕಾಯದೆಯಾಗಿತ್ತು. 14 ವರ್ಷದೊಳಗಿನವರನ್ನು ಮನೆಗೆಲಸಕ್ಕಿಡುವದನ್ನು 2006ರಲ್ಲಿಯೂ, ಅವರಿಂದ ಯಾವದೇ ಉದ್ಯೋಗವನ್ನು ಮಾಡಿಸುವದನ್ನು 2016ರಲ್ಲಿಯೂ ನಿಷೇಧಿಸಲಾಗಿದೆ. ಲ ಮೋರ್ನ್ ಬೆಟ್ಟದ ಕಥೆಯಂತೆ ಇಲ್ಲಿಯೂ, ಯಾರ ಸಲುವಾಗಿ ಕಾಯದೆಯಾಯಿತೋ ಆ ಹುಡುಗಿಗೆ ಅದು ತಿಳಿಯದು. ತಿಳಿಸಬಲ್ಲವರು ಓದು ಬರಹ ಬಲ್ಲ ನೀವು.

ಜನವರಿ 26 ನಮಗೆ ಸೂಟಿಯ ದಿನ. 23ನೆಯ ಅನುಚ್ಛೇದದ ದೆಸೆಯಿಂದ ಅದು ನಮ್ಮ ದಾಸ್ಯವಿಮೋಚನೆಯ ಹಬ್ಬವೂ ಹೌದು. ಆರು ದಿನಗಳ ಮೇಲೆ ಮಾರಿಶಸ್ಸಿನ ಸೂಟಿ. ಅದರ ತರುವಾಯ ಎಂಟು ದಿನಕ್ಕೆ ಜೀತದ ಕಾಯದೆಯ ದಿನ. ಈ ಪಕ್ಷದಲ್ಲಿ ಪ್ರತಿಯೊಂದು ವರ್ಗದಲ್ಲಿಯೂ ಒಂದು ತಾಸನ್ನು ಈ ವಿಷಯಕ್ಕೆ ಮೀಸಲಿಡಬೇಕೆಂದು ನಮ್ಮ ಸೂಚನೆ. ದೊಡ್ಡ ವಿದ್ಯಾರ್ಥಿನಿಯರು 1843ರ ನಾಲ್ಕು ಕಲಮುಗಳನ್ನೂ 1976ರ ಕಾಯದೆಯ ಸಾರವನ್ನೂ ಬಾಯಿಂದ ಹೇಳುವಂತಾಗಲಿ. ಚಿಕ್ಕವರು ಸಿದ್ದಿಗಳ ವಿಷಯವನ್ನು ಅರಿತು, ತಮ್ಮ ಬೆಂಚಿನಲ್ಲಿ ಆ ಸಮಾಜದ ಹುಡುಗಿಯು ಕುಳಿತರೆ ಯಾವ ದೇಶದವಳೆಂದು ಕೇಳದಂತಾಗಲಿ. ಪಾಲಕರೂ ಹಳೆಯ ವಿದ್ಯಾರ್ಥಿನಿಯರೂ ತಮ್ಮ ತಮ್ಮ ಮನೆಯ ಅಡಿಗೆಮನೆಯನ್ನು ಒಮ್ಮೆ ನೋಡಿಕೊಂಡು, ಅಲ್ಲಿ ಶಾಲೆಯ ವಯಸ್ಸಿನ ಯಾವಳಾದರೂ ದುಡಿಯುತ್ತಿದ್ದರೆ ಅವಳನ್ನು ಅವಳ ಊರಿನ ಶಾಲೆಗಾಗಲಿ ಇಲ್ಲಿಯ ಶಾಲೆಗಾಗಲಿ ಸೇರಿಸಬೇಕೆಂದು ವಿನಯದಿಂದ ಕೇಳಿಕೊಳ್ಳುತ್ತೇವೆ.